ಉಪವಾಸವಿದ್ದರೂ ಏರುವ ಸಕ್ಕರೆ

ಮಧುಮೇಹವೆಂದೊಡನೆ ಮೈಸೂರಿನವರ ನೆನಪು ಮೊದಲು ಓಡುವುದು ಮೈಸೂರುಪಾಕಿನ ಕಡೆಗೆ. ಊರಿನ ಹೆಸರನ್ನು ಹೊತ್ತ ಆ ಸಿಹಿಯನ್ನು ಪೊಟ್ಟಣ ಕಟ್ಟಿಸಿಕೊಂಡು ಬಂಧುಗಳ ಮನೆಗೆ ಹೊರಟಾಗಲೂ ‘ಇದೇ ಅಲ್ಲವೇ ನಮ್ಮ ಶತ್ರು’ ಎಂದು ನಕ್ಕು ನುಡಿಯುವವರುಂಟು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಕಂಡು ನಮ್ಮ ಪ್ರಾಚೀನ ವೈದ್ಯರು ಅದರ ಸಿಹಿಯನ್ನು ಗುರುತಿಸಿದ್ದರು. ಮಧುಮೇಹವೆಂಬ ಹೆಸರಿನಲ್ಲೂ ಆ ಸಿಹಿಯೇ ಇದೆ. ಗಮನಿಕೆ ಸೂಕ್ಷ್ಮವಾದುದೇ ಸರಿ. ಆದರೆ ಆ ಹೆಸರಿನ ನೆರಳಿನಲ್ಲಿ ಒಂದು ತಪ್ಪು ತಿಳಿವಳಿಕೆಯೂ ಬೆಳೆದು ನಿಂತಿದೆ. ಸಕ್ಕರೆ ದೇಹಕ್ಕೆ ಬರುವುದು ಬಾಯಿಂದ. ಬಾಯಿಯನ್ನು ಕಟ್ಟಿದರೆ ಸಕ್ಕರೆಯನ್ನೂ ಕಟ್ಟಿದಂತಾಯಿತು ಎಂಬುದೇ ಆ ತಿಳಿವಳಿಕೆ. ನಿತ್ಯದ ದಿನಗಳಲ್ಲಿ ಈ ತಪ್ಪಿನಿಂದ ಅಷ್ಟೇನೂ ಕೇಡಾಗದು. ರೋಗಿಗೆ ಜ್ವರವೋ ವಾಂತಿಯೋ ಬಂದ ದಿನ ಮಾತ್ರ ಅದು ಪ್ರಾಣಕ್ಕೇ ಸಂಚಕಾರ ತರಬಲ್ಲುದು.

ಸರಸ್ವತೀಪುರದಲ್ಲಾಗಲಿ ಚಾಮುಂಡಿಪುರದಲ್ಲಾಗಲಿ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿಯೊಂದನ್ನು ಊಹಿಸಿಕೊಳ್ಳಬಹುದು. ಹಲವು ವರ್ಷಗಳಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿರುವ ಗೃಹಿಣಿಗೆ ಮಳೆಗಾಲದ ಜ್ವರ ಬರುತ್ತದೆ. ನಾಲಗೆಗೆ ರುಚಿಯಿಲ್ಲ, ಕುಡಿದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲದು. ಮನೆಯವರು ಕುಳಿತು ತರ್ಕಿಸುತ್ತಾರೆ: ಊಟವೇ ಇಲ್ಲದ ಮೇಲೆ ಇನ್ಸುಲಿನ್ ಏಕೆ? ಚುಚ್ಚಿದರೆ ಸಕ್ಕರೆ ತೀರ ಇಳಿದುಹೋದೀತಲ್ಲ! ತರ್ಕ ನೇರವಾಗಿದೆ, ಪ್ರೀತಿಯಿಂದ ಹುಟ್ಟಿದ ತರ್ಕವೂ ಹೌದು. ಸೂಜಿಯನ್ನು ಎತ್ತಿಡುತ್ತಾರೆ. ಮಾರನೆಯ ದಿನ ವಿಪರೀತ ಬಾಯಾರಿಕೆ, ಮತ್ತೆಮತ್ತೆ ಮೂತ್ರ, ಹೊಟ್ಟೆನೋವು. ಅದರ ಮಾರನೆಯ ದಿನ, ಮೆಟ್ಟಿಲು ಹತ್ತಿ ಬಂದವರಂತೆ ದೀರ್ಘವಾದ, ಆಳವಾದ ಉಸಿರು; ಬಾಯಿಂದ ಕೊಳೆತ ಹಣ್ಣಿನ ವಾಸನೆ; ಕರೆದರೆ ತಡವಾಗಿ ಓಗೊಡುವ ಮಂಪರು. ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿದರೆ ಎರಡು ದಿನದಿಂದ ಅನ್ನ ಕಾಣದ ದೇಹದಲ್ಲಿ ಸಕ್ಕರೆ 500 ದಾಟಿರುತ್ತದೆ! ತಿನ್ನದ ಸಕ್ಕರೆ ಬಂದುದೆಲ್ಲಿಂದ?

ಉತ್ತರ ಪಕ್ಕೆಲುಬುಗಳ ಕೆಳಗೆ, ಬಲಮಗ್ಗುಲಿನಲ್ಲಿದೆ. ಯಕೃತ್ತು ಅಥವಾ ಪಿತ್ತಜನಕಾಂಗವೆಂದು ಕರೆಯುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಆ ಅಂಗವು ಪಿತ್ತವನ್ನು ಸುರಿಸುವ ಚೀಲವೆಂದಷ್ಟೇ ಬಹುಕಾಲ ಜನ ತಿಳಿದಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಯಕೃತ್ತು ತಾನಾಗಿಯೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆಂದು ತೋರಿಸಿಕೊಟ್ಟನು. 1857ರಲ್ಲಿ ಆ ಸಕ್ಕರೆಯ ಸಂಗ್ರಹರೂಪವಾದ ಗ್ಲೈಕೋಜೆನ್ನನ್ನು ಬೇರ್ಪಡಿಸಿದನು. ಉಂಡಾಗ ಬಂದ ಸಕ್ಕರೆಯಲ್ಲಿ ಒಂದು ಪಾಲನ್ನು ಯಕೃತ್ತು ಕಣಜದಲ್ಲಿ ಕೂಡಿಡುತ್ತದೆ. ಉಪವಾಸದಲ್ಲಿ ಅದನ್ನೇ ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ಕಣಜದಲ್ಲಿರುವುದು ಸುಮಾರು 100 ಗ್ರಾಂ. ಅದು ತೀರುತ್ತ ಬಂದಂತೆ ಮಾಂಸಖಂಡಗಳಿಂದ ಬರುವ ಸಾರವನ್ನೇ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಏಕಾದಶಿಯ ದಿನ ನೀರನ್ನಷ್ಟೇ ಕುಡಿದ ಆರೋಗ್ಯವಂತರು ಸಂಜೆ ಒಂಟಿಕೊಪ್ಪಲಿನ ದೇವಸ್ಥಾನದವರೆಗೆ ನಡೆದು ಹೋಗಿಬರುವುದು ಯಕೃತ್ತಿನ ಈ ದಾನದಿಂದಲೇ.

ದಾನಕ್ಕೆ ಒಂದು ಮಿತಿ ಬೇಕಷ್ಟೆ. ಆ ಮಿತಿಯನ್ನು ಹಾಕುವುದು ಇನ್ಸುಲಿನ್. ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಮೊದಲು ತಲಪುವುದೇ ಯಕೃತ್ತನ್ನು. ‘ರಕ್ತದಲ್ಲಿ ಸಾಕಷ್ಟು ಸಕ್ಕರೆಯಿದೆ, ಇನ್ನು ನಿಲ್ಲಿಸು’ ಎಂಬ ಆಜ್ಞೆಯನ್ನು ಅದು ಮುಟ್ಟಿಸುತ್ತದೆ. ಆಜ್ಞೆ ಬಾರದಿದ್ದರೆ ಯಕೃತ್ತು ದೇಹವೆಲ್ಲ ಹಸಿದಿದೆಯೆಂದೇ ಭಾವಿಸುತ್ತದೆ. ಅದರ ಮೇಲೆ ಜ್ವರ ಬಂದರೆ ಅಡ್ರಿನಲಿನ್, ಕಾರ್ಟಿಸಾಲ್, ಗ್ಲೂಕಗಾನ್ ಮೊದಲಾದ ರಸಗಳು ಏರಿ ‘ಇನ್ನೂ ಕೊಡು, ಇನ್ನೂ ಕೊಡು’ ಎಂದು ಅವಸರಪಡಿಸುತ್ತವೆ. ರಕ್ತದಲ್ಲಿ ಸಕ್ಕರೆಯ ಮಹಾಪೂರವಿದ್ದರೂ ಯಕೃತ್ತು ಅನ್ನದಾನವನ್ನು ನಿಲ್ಲಿಸುವುದಿಲ್ಲ. ಊಟವಿಲ್ಲದ ದಿನವೂ ಇನ್ಸುಲಿನ್ ಬೇಕಾಗುವುದು ಇದಕ್ಕಾಗಿ. ಉಂಡ ಅನ್ನವನ್ನು ಅರಗಿಸುವುದಕ್ಕಷ್ಟೇ ಅದು ಇರುವುದಲ್ಲ. ಯಕೃತ್ತಿನ ಕೈಯನ್ನು ಹಿಡಿಯುವುದಕ್ಕೂ ಅದೇ ಬೇಕು. ಜ್ವರದ ದಿನಗಳಲ್ಲಿ ಎಷ್ಟೋ ಸಲ ನಿತ್ಯಕ್ಕಿಂತ ಹೆಚ್ಚು ಪ್ರಮಾಣ ಬೇಕಾಗುವುದೂ ಉಂಟು.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆ ಕಡಿಮೆಯಿತ್ತು. ಇನ್ಸುಲಿನ್ ಇಲ್ಲವಾದಾಗ ದೇಹದ ಕೊಬ್ಬು ಕರಗತೊಡಗುತ್ತದೆ. ಕರಗಿದ ಕೊಬ್ಬಿನ ಆಮ್ಲಗಳು ಯಕೃತ್ತಿಗೆ ಬಂದು ಸೇರುತ್ತವೆ. ಯಕೃತ್ತು ಅವುಗಳನ್ನು ಕೀಟೋನ್‌ಗಳೆಂಬ ವಸ್ತುಗಳನ್ನಾಗಿ ಮಾಡಿ ರಕ್ತಕ್ಕೆ ತಳ್ಳುತ್ತದೆ. ಅಲ್ಪ ಪ್ರಮಾಣದಲ್ಲಿ ಕೀಟೋನ್ ಮಿದುಳಿಗೂ ಹೃದಯಕ್ಕೂ ಉಪಯುಕ್ತವಾದ ಇಂಧನವೇ. ಕಡಿವಾಣವಿಲ್ಲದೆ ಹೆಚ್ಚಿದಾಗ ಅದು ರಕ್ತವನ್ನು ಆಮ್ಲಮಯವಾಗಿಸುತ್ತದೆ. ಆ ಆಮ್ಲವನ್ನು ಉಸಿರಿನ ಮೂಲಕ ಹೊರಹಾಕಲು ಶ್ವಾಸಕೋಶ ಮಾಡುವ ಹೋರಾಟವೇ ಮೇಲೆ ಹೇಳಿದ ಆಳವಾದ ಉಸಿರು. ಜರ್ಮನಿಯ ವೈದ್ಯ ಕುಸ್‌ಮಾಲ್ 1874ರಲ್ಲಿ ಇದನ್ನು ವರ್ಣಿಸಿದನು; ಇಂದಿಗೂ ವೈದ್ಯರು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಮನೆಯವರು ಅದನ್ನು ನೆಗಡಿಯ ದಮ್ಮೆಂದೋ ಉಬ್ಬಸವೆಂದೋ ತಪ್ಪು ತಿಳಿಯುವುದು ಸಾಮಾನ್ಯ. ಈ ಇಡೀ ಅವಸ್ಥೆಗೆ ಕೀಟೋ ಆಮ್ಲತೆಯೆಂದು ಹೆಸರು. ಇನ್ಸುಲಿನ್ ಇಲ್ಲದೆ ಬದುಕಲಾರದ ಮಕ್ಕಳಲ್ಲೂ ಯುವಕರಲ್ಲೂ ಇದು ಹೆಚ್ಚು; ಮಾತ್ರೆ ನುಂಗುವ ನಡುವಯಸ್ಸಿನವರಿಗೂ ತೀವ್ರವಾದ ಸೋಂಕು ತಗುಲಿದಾಗ ಬಾರದೆ ಇರದು.

ಇನ್ನು ಮೂತ್ರಪಿಂಡಗಳ ಪಾಡು. ಎರಡು ಮೂತ್ರಪಿಂಡಗಳೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಟ್ಟು ಉಳಿದುದನ್ನೆಲ್ಲ, ಸಕ್ಕರೆಯ ಸಮೇತ, ಮರಳಿ ರಕ್ತಕ್ಕೆ ಸೇರಿಸುತ್ತವೆ. ಎಂಥ ಜಿಪುಣತನ! ಆದರೆ ಸಕ್ಕರೆಯನ್ನು ಮರಳಿ ಹೀರುವ ಶಕ್ತಿಗೂ ಒಂದು ಎಲ್ಲೆಯಿದೆ. ರಕ್ತದಲ್ಲಿ ಅದು ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಕ್ಕೆ ತುಳುಕುತ್ತದೆ. ಕನ್ನಂಬಾಡಿಯ ನೀರು 124 ಅಡಿ ದಾಟಿತೆಂಬ ಸುದ್ದಿ ಬಂದರೆ ಗೇಟುಗಳನ್ನು ಎತ್ತುವರೆಂದು ಮೈಸೂರಿನ ಹುಡುಗರಿಗೂ ಗೊತ್ತು. ಮೂತ್ರಪಿಂಡವೂ ಹಾಗೆಯೇ ಗೇಟನ್ನು ಎತ್ತುತ್ತದೆ. ವ್ಯತ್ಯಾಸವಿಷ್ಟೇ: ಸಕ್ಕರೆ ಒಂಟಿಯಾಗಿ ಹೋಗುವುದಿಲ್ಲ, ತನ್ನೊಡನೆ ನೀರನ್ನೂ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳನ್ನೂ ಎಳೆದುಕೊಂಡು ಹೋಗುತ್ತದೆ. ವಾಂತಿಯೂ ಜೊತೆಗೂಡಿದರೆ ಪ್ರೌಢ ದೇಹವೊಂದು ಆಸ್ಪತ್ರೆಯನ್ನು ಮುಟ್ಟುವ ವೇಳೆಗೆ ಸುಮಾರು ಆರು ಲೀಟರ್ ನೀರನ್ನು ಕಳೆದುಕೊಂಡಿರುತ್ತದೆ. ಅದು ಹದಿನೈದಿಪ್ಪತ್ತು ಚೊಂಬುಗಳಷ್ಟು ನೀರು!

ನೀರು ಹೋದರೆ ರಕ್ತದ ಪ್ರಮಾಣ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಮೂತ್ರಪಿಂಡಗಳಿಗೆ ಹರಿದು ಬರುವ ರಕ್ತ ಕಡಿಮೆಯಾಗಿ ಸೋಸುವ ಕೆಲಸವೇ ಸೊರಗುತ್ತದೆ. ವಿಷವೃತ್ತ ಆರಂಭವಾಗುವುದು ಇಲ್ಲಿ. ಮೂತ್ರ ಹರಿಯುತ್ತಿದ್ದಷ್ಟು ಹೊತ್ತು ಒಂದಿಷ್ಟು ಸಕ್ಕರೆ, ಒಂದಿಷ್ಟು ಕೀಟೋನ್, ಒಂದಿಷ್ಟು ಆಮ್ಲ ಹೊರಗೆ ಹೋಗುತ್ತಿತ್ತು. ಮೂತ್ರ ಕಡಿಮೆಯಾದೊಡನೆ ಮೂರೂ ಒಳಗೇ ನಿಂತು ಮೇಲೇರತೊಡಗುತ್ತವೆ. ಅತಿಯಾಗಿ ಮೂತ್ರ ಹೋಗುತ್ತಿದ್ದ ರೋಗಿಗೆ ಅದು ಕಡಿಮೆಯಾದರೆ ‘ಗುಣವಾಗುತ್ತಿದೆ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ನಿಜದಲ್ಲಿ ಅದಕ್ಕಿಂತ ಕೆಟ್ಟ ಸೂಚನೆ ಇನ್ನೊಂದಿಲ್ಲ. ಕೆನಡ ದೇಶದ ವ್ಯಾಂಕೂವರ್ ನಗರದಲ್ಲಿ ಕೀಟೋ ಆಮ್ಲತೆಯಿಂದ ಆಸ್ಪತ್ರೆ ಸೇರಿದ್ದ 165 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 64 ಮಕ್ಕಳ ಮೂತ್ರಪಿಂಡಗಳು ತತ್ಕಾಲಕ್ಕೆ ಪೆಟ್ಟು ತಿಂದಿದ್ದುವೆಂದು ಕಂಡುಬಂದಿತು. ಮಕ್ಕಳ ಮೂತ್ರಪಿಂಡಗಳ ಗತಿಯೇ ಹೀಗಾದರೆ, ಇಪ್ಪತ್ತು ವರ್ಷ ಸಕ್ಕರೆಯಲ್ಲಿ ನೆನೆದ ಮೂತ್ರಪಿಂಡಗಳ ಗತಿಯನ್ನು ಊಹಿಸಬಹುದು.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಮೂತ್ರಪಿಂಡದ ಶಕ್ತಿಯನ್ನು ಅಳೆಯಲು ರಕ್ತದ ಕ್ರಿಯಾಟಿನಿನ್ ಎಂಬ ಅಂಶವನ್ನು ನೋಡುವುದು ವಾಡಿಕೆ. ಪ್ರಯೋಗಶಾಲೆಗಳ ಹಳೆಯ ಬಣ್ಣದ ವಿಧಾನದಲ್ಲಿ ಒಂದು ಬಗೆಯ ಕೀಟೋನ್ ಕೂಡ ಕ್ರಿಯಾಟಿನಿನ್‌ನಂತೆಯೇ ಬಣ್ಣ ತೋರಿ, ಅಂಕಿಯನ್ನು ಇರುವುದಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ಮೊದಲ ದಿನದ ಅಂಕಿಯನ್ನು ನೋಡಿ ‘ಕಿಡ್ನಿ ಹೋಯಿತು’ ಎಂದು ಬಂಧುಗಳೆಲ್ಲರಿಗೂ ಫೋನು ಮಾಡುವ ಮುನ್ನ ನೀರಿನ ಕೊರತೆ ತುಂಬುವವರೆಗೆ ಕಾಯುವುದು ಮೇಲು. ಯಕೃತ್ತಿನ ಪರೀಕ್ಷೆಗಳೂ ಈ ದಿನಗಳಲ್ಲಿ ಅಷ್ಟಿಷ್ಟು ಏರುಪೇರಾಗಿ, ಬಹುಮಟ್ಟಿಗೆ ತಾವಾಗಿಯೇ ಸರಿಹೋಗುತ್ತವೆ. ದೀರ್ಘಕಾಲ ಸಕ್ಕರೆ ಹತೋಟಿಯಲ್ಲಿಲ್ಲದ ಮಕ್ಕಳಲ್ಲಿ ಯಕೃತ್ತು ಗ್ಲೈಕೋಜೆನ್ ತುಂಬಿಕೊಂಡು ಊದುವುದನ್ನೂ ಬೆಳವಣಿಗೆ ಕುಂಠಿತವಾಗುವುದನ್ನೂ 1930ರಲ್ಲಿ ಫ್ರಾನ್ಸಿನ ಮೊರಿಯಾಕ್ ವರ್ಣಿಸಿದನು. ಸಕ್ಕರೆ ಹದಕ್ಕೆ ಬಂದರೆ ಆ ಊತ ಇಳಿಯುತ್ತದೆ. ಯಕೃತ್ತು ಕ್ಷಮಿಸುವ ಅಂಗ. ಮೂತ್ರಪಿಂಡಕ್ಕೆ ಅಷ್ಟು ಉದಾರತೆಯಿಲ್ಲ.

ವೃದ್ಧರಲ್ಲಿ ಆಪತ್ತು ಬರುವ ಬಗೆ ಬೇರೆ. ಅವರ ದೇಹದಲ್ಲಿ ಕೊಬ್ಬು ಕರಗದಂತೆ ತಡೆಯುವಷ್ಟು ಇನ್ಸುಲಿನ್ ಉಳಿದಿರುತ್ತದೆ. ಸಕ್ಕರೆಯನ್ನು ತಡೆಯುವಷ್ಟು ಇರುವುದಿಲ್ಲ. ಆದ್ದರಿಂದ ವಾಂತಿಯಿಲ್ಲ, ಹಣ್ಣಿನ ವಾಸನೆಯಿಲ್ಲ, ಗದ್ದಲವಿಲ್ಲ. ವಾರಗಟ್ಟಲೆ ಸದ್ದಿಲ್ಲದೆ ಸಕ್ಕರೆ 600, 800, ಕೆಲವೊಮ್ಮೆ 1000 ಮುಟ್ಟುತ್ತದೆ. ಕಳೆದುಹೋಗುವ ನೀರು ಒಂಬತ್ತು ಲೀಟರಿನವರೆಗೂ ಹೋಗಬಹುದು. ಅಜ್ಜ ಮಾತಿನಲ್ಲಿ ತಡವರಿಸಿದರೆ ‘ವಯಸ್ಸಾಯಿತು’ ಎನ್ನುತ್ತಾರೆ. ಹೆಚ್ಚು ನಿದ್ದೆ ಮಾಡಿದರೆ ‘ಮಲಗಲಿ ಪಾಪ’ ಎನ್ನುತ್ತಾರೆ. ಈ ಬಗೆಯಲ್ಲಿ ಸಾವಿನ ಪ್ರಮಾಣ ಕೀಟೋ ಆಮ್ಲತೆಗಿಂತ ಹಲವು ಪಟ್ಟು ಹೆಚ್ಚು. ತನಗೆ ಮಧುಮೇಹವಿದೆಯೆಂಬುದೇ ಅಜ್ಜನಿಗೆ ಈ ದಿನದವರೆಗೆ ತಿಳಿಯದಿರುವುದೂ ಅಪರೂಪವಲ್ಲ.

ತಿಳಿಯದವರು ಎಷ್ಟು ಮಂದಿಯೆಂಬ ಪ್ರಶ್ನೆಗೆ ಮೈಸೂರೇ ಜಗತ್ತಿನ ಕಣ್ಣು ತೆರೆಸಿದ ಊರುಗಳಲ್ಲೊಂದು ಎಂಬುದು ಇಲ್ಲಿಯವರಿಗೇ ಅಷ್ಟಾಗಿ ತಿಳಿಯದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಅಲ್ಲಿಯ ಹೆರಿಗೆ ವಿಭಾಗದವರು 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಬರೆದಿಟ್ಟುದನ್ನು ಕಳೆಯದೆ ಕಾಪಾಡಿದರು. ಹಳೆಯ ಕಾಗದವನ್ನು ರದ್ದಿಗೆ ಹಾಕುವ ನಮ್ಮ ನಾಡಿನಲ್ಲಿ ಇದೊಂದು ಸಣ್ಣ ಪವಾಡವೇ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡಾ. ಕೆರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳನ್ನು ಆಧಾರವಾಗಿ ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸನ್ನು ತಲಪಿದ್ದ 506 ಮಂದಿಯನ್ನು ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಅವರ ವರದಿಯಂತೆ ನೂರಕ್ಕೆ 15 ಮಂದಿಗೆ ಮಧುಮೇಹವಿದ್ದಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ದಪ್ಪನಾಗಿದ್ದ ಮಕ್ಕಳೇ ಮುಂದೆ ಹೆಚ್ಚಾಗಿ ರೋಗಿಗಳಾಗಿದ್ದರು. ಅವರ ತಾಯಂದಿರೂ ತೂಕವುಳ್ಳವರಾಗಿದ್ದರು. ಇಂಗ್ಲೆಂಡಿನಲ್ಲಿ ತೂಕ ಕಡಿಮೆಯಿದ್ದ ಶಿಶುಗಳಿಗೇ ಅಪಾಯ ಹೆಚ್ಚೆಂದು ಕಂಡುಬಂದಿದ್ದರಿಂದ ಮೈಸೂರಿನ ಫಲಿತಾಂಶ ವಿದ್ವಾಂಸರನ್ನು ಮತ್ತೆ ಯೋಚನೆಗೆ ಹಚ್ಚಿತು. ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಕಾಲದ ಮಧುಮೇಹವಿರುವುದು ತಿಳಿದುಬಂದಿತು. ಅವರ ಮಕ್ಕಳನ್ನು ವರ್ಷ ವರ್ಷವೂ ಅಳೆದು ನೋಡುತ್ತ ಬಂದಿದ್ದಾರೆ. ಹೀಗಿರುವಾಗ ಜ್ವರದಿಂದ ಮಲಗಿದವರಿಗೆ ವಿಪರೀತ ಬಾಯಾರಿಕೆ ಕಂಡರೆ, ಅವರಿಗೆ ಮಧುಮೇಹವಿದೆಯೆಂದು ಮೊದಲೇ ಗೊತ್ತಿರಲಿ ಇಲ್ಲದಿರಲಿ, ಒಂದು ಹನಿ ರಕ್ತವನ್ನು ಪರೀಕ್ಷಿಸಿ ನೋಡುವುದು ಅತಿಯಾದ ಎಚ್ಚರಿಕೆಯೇನೂ ಆಗದು.

ಒಂದು ಕಾಲಕ್ಕೆ ಕೀಟೋ ಆಮ್ಲತೆಯೆಂದರೆ ಸಾವೆಂದೇ ಅರ್ಥ. ಕೆನಡದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಚುಚ್ಚಿದ ಮೊದಲ ಮದ್ದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಜ್ಞ ಅದನ್ನು ಶುದ್ಧಿಗೊಳಿಸಿದ ಮೇಲೆ, ಜನವರಿ 23ರಂದು ಕೊಟ್ಟ ಮದ್ದಿನಿಂದ ರಕ್ತದ ಸಕ್ಕರೆ ಇಳಿಯಿತು. ಮೂತ್ರದಲ್ಲಿದ್ದ ಕೀಟೋನ್ ಮಾಯವಾಯಿತು. ಯಕೃತ್ತಿಗೆ ಕಳೆದುಹೋಗಿದ್ದ ಆಜ್ಞೆಯನ್ನು ಮನುಷ್ಯ ಹೊರಗಿನಿಂದ ಮುಟ್ಟಿಸಿದ ದಿನವದು. ಹುಡುಗ ಮತ್ತೆ 13 ವರ್ಷ ಬದುಕಿದನು.

ಇಂದು ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆಯ ಕ್ರಮವನ್ನು ನೋಡಿದರೆ ಮೇಲಿನ ಸಂಗತಿಗಳೆಲ್ಲ ಸ್ಪಷ್ಟವಾಗುತ್ತವೆ. ಮೊದಲು ಏರಿಸುವುದು ಉಪ್ಪುನೀರಿನ ಸಲೈನ್. ಮೂತ್ರಪಿಂಡಕ್ಕೆ ರಕ್ತ ಹರಿದು ಬರದ ಹೊರತು ಉಳಿದುದೆಲ್ಲ ವ್ಯರ್ಥ. ಜೊತೆಗೆ ಗಂಟೆಗಂಟೆಗೂ ಸಣ್ಣ ಪ್ರಮಾಣದ ಇನ್ಸುಲಿನ್. ಅದರೊಡನೆ ಪೊಟ್ಯಾಸಿಯಂ ಮೇಲೆ ಸದಾ ಕಣ್ಣು. ಇನ್ಸುಲಿನ್ ಅದನ್ನು ಜೀವಕೋಶಗಳೊಳಗೆ ಸೆಳೆದುಕೊಳ್ಳುವುದರಿಂದ ರಕ್ತದಲ್ಲಿ ಹಠಾತ್ತನೆ ಇಳಿದು ಹೃದಯದ ಬಡಿತ ತಪ್ಪುವ ಭಯವಿದೆ. ಸಕ್ಕರೆ 250ರ ಹತ್ತಿರ ಬಂದಾಗ ವೈದ್ಯರು ಗ್ಲೂಕೋಸ್ ಬಾಟಲಿಯನ್ನು ತೂಗುಹಾಕುತ್ತಾರೆ. ಎಷ್ಟೋ ಕಡೆ ಬಂಧುಗಳು ವೈದ್ಯರೊಡನೆ ಜಗಳಕ್ಕೆ ನಿಲ್ಲುವುದು ಇದೇ ಘಳಿಗೆಯಲ್ಲಿ: ‘ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರು ಏರಿಸುವುದೇ?’ ಸಕ್ಕರೆ ಇಳಿದರೂ ಯಕೃತ್ತು ಕೀಟೋನ್ ತಯಾರಿಕೆಯನ್ನು ಬಿಟ್ಟಿರುವುದಿಲ್ಲ. ಅದು ಬಿಡುವವರೆಗೂ ಇನ್ಸುಲಿನ್ ಹರಿಯಬೇಕು. ಇನ್ಸುಲಿನ್ ಹರಿಯಬೇಕಾದರೆ ಸಕ್ಕರೆ ತೀರ ಕುಸಿಯದಂತೆ ಗ್ಲೂಕೋಸ್ ಬೇಕು. ವೈದ್ಯರು ಇದನ್ನು ಎರಡು ನಿಮಿಷ ಬಿಡಿಸಿ ಹೇಳಿದರೆ ಜಗಳ ತಪ್ಪುತ್ತದೆ. ಹೇಳುವಷ್ಟು ಬಿಡುವು ಅವರಿಗೂ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಆಪತ್ತೊಂದುಂಟು: ಸಕ್ಕರೆ 70ಕ್ಕಿಂತ ಕೆಳಗಿಳಿಯುವುದು. ಬೆವರು, ನಡುಕ, ಎದೆಬಡಿತ, ಸಿಡುಕು, ಕೊನೆಗೆ ಪ್ರಜ್ಞೆ ತಪ್ಪುವುದು. ಇಲ್ಲಿಯೂ ಸೂತ್ರಗಳು ಇರುವುದು ಅದೇ ಎರಡು ಅಂಗಗಳ ಕೈಯಲ್ಲಿ. ಆರೋಗ್ಯವಂತನ ಸಕ್ಕರೆ ಇಳಿದರೆ ಯಕೃತ್ತು ಕೂಡಲೆ ಕಣಜವನ್ನು ತೆರೆಯುತ್ತದೆ. ಯಕೃತ್ತು ಕೆಟ್ಟವರಲ್ಲಿ, ಬಹಳ ಹೊತ್ತು ಉಪವಾಸವಿದ್ದವರಲ್ಲಿ ಕಣಜ ಬರಿದು; ಬರಿಹೊಟ್ಟೆಯಲ್ಲಿ ಮದ್ಯ ಸೇವಿಸಿದವರಲ್ಲಿ ಹೊಸ ಸಕ್ಕರೆಯನ್ನು ಮಾಡುವ ದಾರಿಯೂ ಬಂದ್. ಇನ್ನು ಚುಚ್ಚಿಕೊಂಡ ಇನ್ಸುಲಿನ್ನಿನ ಒಂದು ದೊಡ್ಡ ಪಾಲನ್ನು ಒಡೆದು ವಿಲೇವಾರಿ ಮಾಡುವುದು ಮೂತ್ರಪಿಂಡ. ಅದು ಸೊರಗಿದರೆ ಇನ್ಸುಲಿನ್ ಹೆಚ್ಚು ಹೊತ್ತು ನಿಂತು ಕೆಲಸ ಮಾಡುತ್ತದೆ. ಗ್ಲಿಬೆನ್‌ಕ್ಲಮೈಡ್‌ನಂಥ ಹಳೆಯ ಮಾತ್ರೆಗಳೂ ಅಂಥವರ ದೇಹದಲ್ಲಿ ಬೀಡುಬಿಟ್ಟು, ಒಮ್ಮೆ ಸರಿಪಡಿಸಿದ ಸಕ್ಕರೆಯನ್ನು ರಾತ್ರಿ ಮತ್ತೆ ಇಳಿಸುವುದುಂಟು. ವರ್ಷಗಳಿಂದ ಒಂದೇ ಅಳತೆಯ ಮದ್ದು ತೆಗೆದುಕೊಳ್ಳುತ್ತಿದ್ದವರಿಗೆ ‘ಈಗೀಗ ಸಕ್ಕರೆ ತಾನಾಗಿಯೇ ಇಳಿಯುತ್ತಿದೆ, ರೋಗ ವಾಸಿಯಾಗುತ್ತಿದೆ’ ಎಂಬ ಸಂತೋಷ ಉಂಟಾದರೆ ಅದನ್ನು ನಂಬುವ ಮುನ್ನ ಮೂತ್ರಪಿಂಡವನ್ನು ಪರೀಕ್ಷಿಸಿ ನೋಡಬೇಕು.

ಎಚ್ಚರವಿರುವ ರೋಗಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸುವುದು. ಇಳಿದೇ ಇದ್ದರೆ ಮತ್ತೊಮ್ಮೆ ಕೊಡುವುದು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಸುರಿಯಕೂಡದು. ಅದು ಶ್ವಾಸಕೋಶಕ್ಕೆ ಇಳಿದೀತು. ಕರ್ನಾಟಕದಲ್ಲಿ 2008ರಿಂದ 108ಕ್ಕೆ ಕರೆ ಮಾಡಿದರೆ ಅಂಬುಲೆನ್ಸ್ ಬರುವ ವ್ಯವಸ್ಥೆಯಿದೆ. ಜ್ವರದ ದಿನಗಳ ಕ್ರಮವೂ ಕಷ್ಟವಾದುದಲ್ಲ. ನಾಲ್ಕು ಗಂಟೆಗೊಮ್ಮೆ ಸಕ್ಕರೆಯನ್ನು ನೋಡಿಕೊಳ್ಳುವುದು. ಕೀಟೋನ್ ಪರೀಕ್ಷೆಯ ಕಾಗದದ ಪಟ್ಟಿಯನ್ನು ಔಷಧದ ಅಂಗಡಿಯಿಂದ ಮೊದಲೇ ತಂದಿಟ್ಟುಕೊಳ್ಳುವುದು. ಗುಟುಕು ಗುಟುಕಾಗಿ ನೀರನ್ನೂ ತಿಳಿಮಜ್ಜಿಗೆಯನ್ನೂ ಕುಡಿಯುತ್ತಿರುವುದು. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ವೈದ್ಯರನ್ನು ಕೇಳದೆ ನಿಲ್ಲಿಸದಿರುವುದು. ಮಾತ್ರೆಗಳ ವಿಚಾರ ಮಾತ್ರ ಬೇರೆ. ನೀರು ಕಳೆದುಕೊಂಡು ಮೂತ್ರಪಿಂಡ ಸೊರಗಿದಾಗ ಮೆಟ್‌ಫಾರ್ಮಿನ್ ಒಳಗೇ ಕೂಡಿಕೊಂಡು ಬೇರೊಂದು ಬಗೆಯ ಆಮ್ಲತೆಗೆ ದಾರಿಯಾಗಬಹುದು. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕಿಸುವ ಹೊಸ ಬಗೆಯ ಮಾತ್ರೆಗಳಿವೆ. ಮೂತ್ರಪಿಂಡಕ್ಕೂ ಹೃದಯಕ್ಕೂ ಅವು ಹಿತಕರವೆಂದು ಸಿದ್ಧವಾಗಿದ್ದರೂ, ಸಕ್ಕರೆ ಹೆಚ್ಚು ಏರದೆಯೇ ಕೀಟೋ ಆಮ್ಲತೆಯನ್ನು ತರಬಲ್ಲುವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2015ರಲ್ಲಿ ಎಚ್ಚರಿಸಿತು. ವಾಂತಿ ಭೇದಿಯ ದಿನ ಈ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರನ್ನು ಆರೋಗ್ಯವಾಗಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗಳು ಬತ್ತಿದ ಮೂತ್ರಪಿಂಡಕ್ಕೆ ಎರಡನೆಯ ಪೆಟ್ಟು ಎಂಬುದನ್ನೂ ಮರೆಯಲಾಗದು.

ವಾಂತಿ ನಿಲ್ಲದಿದ್ದರೆ, ಉಸಿರು ಆಳವಾದರೆ, ಮಂಪರು ಕವಿದರೆ, ಮೂತ್ರ ಕಡಿಮೆಯಾದರೆ ಮನೆಯ ಉಪಚಾರ ಅಲ್ಲಿಗೆ ಮುಗಿಯಿತು. ಸಮಯಕ್ಕೆ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಮೇಲೆ ಕಾಣದ ಗಾಯ ಉಳಿದಿರಬಹುದು. ಆದಕಾರಣ ಮೂರು ತಿಂಗಳ ತರುವಾಯ ಕ್ರಿಯಾಟಿನಿನ್ನನ್ನೂ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಅಂಶವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು. ಬಿಡುಗಡೆಯ ದಿನ ಕೊಡುವ ಕಾಗದದ ಕೊನೆಯ ಸಾಲುಗಳಲ್ಲಿ ಎಲ್ಲೋ ಇದನ್ನು ಬರೆದಿರುತ್ತಾರೆ; ಆ ಕಾಗದ ಬಹಳ ಮನೆಗಳಲ್ಲಿ ಬಿಲ್ಲುಗಳ ಜೊತೆಗೆ ಮಡಿಸಿ ಬೀರು ಸೇರಿರುತ್ತದೆ.